ದನಿ ಬಂತು, ಊರು ಗೊತ್ತಾಯಿತು: ವಿಲ್ಮಾ ಬಾಂಕಿ ಎಂಬ ಮೂಕಿ ತಾರೆ

1925, ಹಾಲಿವುಡ್‌ನ ಒಂದು ಸೆಟ್. ಕ್ಯಾಮೆರಾ ಓಡುತ್ತಿದೆ. ನಾಯಕ ರೊನಾಲ್ಡ್ ಕೋಲ್ಮನ್ ಇಂಗ್ಲಿಷಿನಲ್ಲಿ ಏನೋ ಪ್ರೀತಿಯ ಮಾತು ಆಡುತ್ತಾನೆ. ಎದುರಿಗಿರುವ ಹೊಂಬಣ್ಣದ ಕೂದಲಿನ ನಾಯಕಿ ಹಂಗೇರಿಯನ್‌ನಲ್ಲಿ ಉತ್ತರ ಕೊಡುತ್ತಾಳೆ. ಅವನ ಮಾತು ಇವಳಿಗೆ ಅರ್ಥವಾಗಿಲ್ಲ, ಇವಳ ಮಾತು ಅವನಿಗೆ ಅರ್ಥವಾಗಿಲ್ಲ. ನಿರ್ದೇಶಕನಿಗೆ ಚಿಂತೆಯೇ ಇಲ್ಲ. ಪರದೆ ಮೇಲೆ ನೋಡಿದ ಜನಕ್ಕೆ ಮಾತ್ರ ಇಂಥ ಜೋಡಿ ಇನ್ನೊಂದಿಲ್ಲ ಅನ್ನಿಸಿಬಿಟ್ಟಿತು. ಹಾಲಿವುಡ್‌ನಲ್ಲಿ ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾ ಬಂದಿದ್ದಾರೆ.

ಆ ನಾಯಕಿ ವಿಲ್ಮಾ ಬಾಂಕಿ. ಐದೇ ವರ್ಷದಲ್ಲಿ ಮೇಲೆ ಹೋಗಿ, ಅಷ್ಟೇ ಬೇಗ ಮರೆಯಾದವಳು. ಆಕೆಯ ಬಗ್ಗೆ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಮೂಕಿ ಚಿತ್ರ ಹೋಗಿ ಟಾಕಿ ಬಂತು, ಆಕೆಯ ಉಚ್ಚಾರ ಸರಿ ಇರಲಿಲ್ಲ, ಅಲ್ಲಿಗೆ ಮುಗೀತು ಅಂತ. ಸುಳ್ಳೇನಲ್ಲ. ಆದರೆ ಅದೇ ವರ್ಷಗಳಲ್ಲಿ ಬೇರೆ ಕೆಲವರು ಅಷ್ಟೇ ಗಟ್ಟಿಯಾದ ಪರದೇಶಿ ಉಚ್ಚಾರ ಇಟ್ಟುಕೊಂಡು ಗೆದ್ದಿದ್ದಾರೆ. ಹಾಗಾದರೆ ಇವಳಿಗೆ ಆಗಿದ್ದೇನು? ಇದನ್ನು ತಿಳಿಯಬೇಕಾದರೆ ಮೂಕಿ ಸಿನಿಮಾ ಅನ್ನುವುದು ಹೇಗೆ ಕೆಲಸ ಮಾಡುತ್ತಿತ್ತು ಅಂತ ಸ್ವಲ್ಪ ನೋಡಬೇಕು.

ಮೊದಲು ಊರು. ಹಂಗೇರಿಯ ತೋಲ್ನಾ ಜಿಲ್ಲೆಯ ನಾಜ್‌ದೊರೊಗ್ ಅನ್ನುವ ಸಣ್ಣ ಊರು. ಹುಟ್ಟಿದ ದಿನ 1901ರ ಜನವರಿ 9 ಅಂತ ಹೆಚ್ಚಿನ ಕಡೆ ಇರುತ್ತದೆ. ಬೇರೆ ವರ್ಷಗಳನ್ನು ಕೊಡುವವರೂ ಇದ್ದಾರೆ. ಆ ಕಾಲದ ತಾರೆಯರ ವಯಸ್ಸು ಪ್ರಚಾರ ವಿಭಾಗದವರ ಕೈಯಲ್ಲಿರುತ್ತಿತ್ತು, ಬಿಡಿ. ಮನೆತನದ ಹೆಸರು ಕೊಂಚಿಚ್. ಬಾಂಕಿ ಅನ್ನುವುದು ಆಮೇಲೆ ಇಟ್ಟುಕೊಂಡ ಹೆಸರು. ಹಂಗೇರಿಯಲ್ಲಿ ಮನೆತನದ ಹೆಸರು ಮುಂದೆ, ಇಟ್ಟ ಹೆಸರು ಹಿಂದೆ. ನಮ್ಮ ಇನಿಷಿಯಲ್ ಮುಂದೆ ಬರುತ್ತದಲ್ಲ, ಹಾಗೆ. ಅಲ್ಲಿಯವರ ಬಾಯಲ್ಲಿ ಆಕೆ ಬಾಂಕಿ ವಿಲ್ಮಾ.

ಮನೆಯವರು ಬುಡಾಪೆಸ್ಟ್‌ಗೆ ಬಂದು ನೆಲೆಸಿದರು. ಹುಡುಗಿ ಶಾಲೆ ಮುಗಿಸಿ ಶಾರ್ಟ್‌ಹ್ಯಾಂಡ್ ಕಲಿತಳು. ಆಫೀಸಿನಲ್ಲಿ ಒಂದು ಕೆಲಸ ಸಿಕ್ಕರೆ ಸಾಕು ಅನ್ನುವ ಮಟ್ಟದ ಓದು. ಆದರೆ ಆಕೆ ದೊಡ್ಡವಳಾದ ಹೊತ್ತಿಗೆ ದೇಶವೇ ತಲೆಕೆಳಗಾಗಿತ್ತು. ಮೊದಲ ಮಹಾಯುದ್ಧದಲ್ಲಿ ಸೋಲು. 1919ರಲ್ಲಿ 133 ದಿನ ಕಮ್ಯುನಿಸ್ಟರ ಆಡಳಿತ. ಅವರು ಬಂದ ಕೂಡಲೇ ಸಿನಿಮಾ ಉದ್ಯಮವನ್ನೇ ಸರ್ಕಾರದ ಕೈಗೆ ತೆಗೆದುಕೊಂಡರು. ರಷ್ಯಾದಲ್ಲಿ ಲೆನಿನ್ ಇದೇ ಕೆಲಸ ಮಾಡಿದ್ದು ಅದಾದ ಕೆಲವು ತಿಂಗಳ ನಂತರ! ಆಮೇಲೆ ಆ ಆಡಳಿತ ಬಿತ್ತು. ಅಡ್ಮಿರಲ್ ಹೊರ್ತಿಯ ಬಲಪಂಥೀಯರು ಬಂದರು, ಸೇಡು ಶುರುವಾಯಿತು. 1920ರ ತ್ರಿಯಾನೋ ಒಪ್ಪಂದದಲ್ಲಿ ಹಂಗೇರಿ ಮೂರರಲ್ಲಿ ಎರಡು ಪಾಲು ನೆಲ ಕಳೆದುಕೊಂಡಿತು. ಸಿನಿಮಾ ತಯಾರಿಗೆ ಹೆಸರಾಗಿದ್ದ ಕೊಲೋಜ್‌ವಾರ್ ನಗರ ರೊಮೇನಿಯಾಗೆ ಹೋಯಿತು.

ಹಂಗೇರಿಯ ಸಿನಿಮಾ ಮಂದಿ ಗಂಟುಮೂಟೆ ಕಟ್ಟಿದರು. ನಿರ್ದೇಶಕ ಮಿಹಾಯ್ ಕೆರ್ತೆಸ್ ವಿಯೆನ್ನಾಕ್ಕೆ ಹೋದ. ಮುಂದೆ ಹಾಲಿವುಡ್‌ನಲ್ಲಿ ಮೈಕೆಲ್ ಕರ್ಟಿಜ್ ಆಗಿ 'ಕಾಸಾಬ್ಲಾಂಕಾ' ಮಾಡಿದವನು ಅವನೇ. ಇನ್ನೊಬ್ಬ ನಿರ್ದೇಶಕ ಶಾಂದೊರ್ ಕೊರ್ದಾ ತನ್ನ ಹೆಂಡತಿ, ನಟಿ ಮರಿಯಾ ಕೊರ್ದಾಳ ಜೊತೆ ಹೊರಟ. ನಟರ ಸಂಘದಲ್ಲಿ ಓಡಾಡಿಕೊಂಡಿದ್ದ ಬೇಲಾ ಲುಗೋಸಿಯೂ ಓಡಿಹೋದ. ಈ ಕೊರ್ದಾ ಮತ್ತು ಲುಗೋಸಿ ಇಬ್ಬರನ್ನೂ ನೆನಪಿನಲ್ಲಿಡಿ, ಮತ್ತೆ ಬರುತ್ತಾರೆ.

ವಿಲ್ಮಾ ಕೂಡ ಇದೇ ದಾರಿ ಹಿಡಿದಳು. ಮೊದಲ ಚಿತ್ರವೇ ಬರ್ಲಿನ್‌ನದ್ದು, ಕಾರ್ಲ್ ಬೋಸೆ ನಿರ್ದೇಶನದ್ದು. ಆಮೇಲೆ ಬುಡಾಪೆಸ್ಟ್, ವಿಯೆನ್ನಾ, ಬರ್ಲಿನ್ ಅಂತ ಓಡಾಟ. ವಿಯೆನ್ನಾದಲ್ಲಿ ಫ್ರಾನ್ಸಿನ ಹಾಸ್ಯನಟ ಮ್ಯಾಕ್ಸ್ ಲಿಂಡರ್ ಜೊತೆ ಒಂದು ಸರ್ಕಸ್ ಕಥೆಯ ಚಿತ್ರ ಮಾಡಿದಳು. ಚಾಪ್ಲಿನ್‌ಗೇ ದಾರಿ ತೋರಿಸಿದ ನಟ ಈ ಲಿಂಡರ್. ಫ್ರೆಂಚ್ ನಾಯಕ, ಹಂಗೇರಿಯನ್ ನಾಯಕಿ, ಆಸ್ಟ್ರಿಯಾದ ಸ್ಟುಡಿಯೋ. ಸೆಟ್‌ನಲ್ಲಿ ಯಾರು ಯಾವ ಭಾಷೆ ಆಡಿದರೂ ನಡೆಯುತ್ತಿತ್ತು.

ಅದು ಹೇಗೆ ಸಾಧ್ಯವಾಯಿತು? ಮೂಕಿ ಚಿತ್ರದಲ್ಲಿ ಮಾತು ಅನ್ನುವುದು ಒಂದು ಅಕ್ಷರದ ಫಲಕ. ನಟ ತುಟಿ ಅಲ್ಲಾಡಿಸುತ್ತಾನೆ, ಆಮೇಲೆ ಪರದೆ ಮೇಲೆ ಒಂದು ಕಪ್ಪು ಹಲಗೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಅವನ ಮಾತು. ಚಿತ್ರ ಬೇರೆ ದೇಶಕ್ಕೆ ಹೋಗಬೇಕಾ? ಹಳೆ ಫಲಕ ಕತ್ತರಿಸಿ ಹೊಸ ಭಾಷೆಯ ಫಲಕ ಅಂಟಿಸಿದರೆ ಆಯಿತು. ಖರ್ಚು ಅಷ್ಟಕ್ಕಷ್ಟೇ. ಹಾಗಾಗಿ ಪ್ರತಿ ದೇಶದ ಪ್ರೇಕ್ಷಕನೂ ನಾಯಕಿಯ ಮಾತನ್ನು ತನ್ನ ಭಾಷೆಯಲ್ಲಿ, ತನ್ನ ಮನಸ್ಸಿನ ದನಿಯಲ್ಲಿ ಓದಿಕೊಳ್ಳುತ್ತಿದ್ದ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ನಾಯಕಿಗೆ ದನಿ ಇರಲಿಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಆಕೆಗೆ ಎಷ್ಟು ಪ್ರೇಕ್ಷಕರೋ ಅಷ್ಟು ದನಿಗಳಿದ್ದವು.

1925ರಲ್ಲಿ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಯುರೋಪ್ ಸುತ್ತುತ್ತಾ ಬುಡಾಪೆಸ್ಟ್‌ಗೆ ಬಂದ. ಅಲ್ಲಿ ವಿಲ್ಮಾಳನ್ನು ನೋಡಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಈ ಗೋಲ್ಡ್‌ವಿನ್ ಕೂಡ ಅಮೆರಿಕದವನಲ್ಲ. ಪೋಲೆಂಡಿನ ವಾರ್ಸಾದ ಬಡ ಯಹೂದಿ ಹುಡುಗ, ಅಮೆರಿಕಕ್ಕೆ ಬಂದು ಕೈಗವಸು ಮಾರಿ ಮೇಲೆ ಬಂದವನು. ಅವನ ಇಂಗ್ಲಿಷ್ ಎಷ್ಟು ಎಡವಟ್ಟು ಅಂದರೆ, ಅವನ ತಪ್ಪು ಮಾತುಗಳಿಗೇ ಜನ 'ಗೋಲ್ಡ್‌ವಿನಿಸಂ' ಅಂತ ಹೆಸರಿಟ್ಟಿದ್ದರು. ಆಗಿನ ಹಾಲಿವುಡ್‌ನ ಮಾಲೀಕರೇ ಹೆಚ್ಚಿನವರು ಹೀಗೆ ಬಂದವರು. ಪ್ಯಾರಾಮೌಂಟ್‌ನ ಅಡಾಲ್ಫ್ ಝೂಕರ್, ಫಾಕ್ಸ್ ಕಂಪನಿಯ ವಿಲಿಯಂ ಫಾಕ್ಸ್ ಇಬ್ಬರೂ ಹುಟ್ಟಿದ್ದು ಹಂಗೇರಿಯಲ್ಲೇ. ಆದರೆ ಮಾಲೀಕನ ದನಿ ಟಿಕೆಟ್ ಕೊಂಡವರಿಗೆ ಕೇಳುವುದಿಲ್ಲವಲ್ಲ.

ಗೋಲ್ಡ್‌ವಿನ್ ಆಕೆಗೆ 'ದಿ ಹಂಗೇರಿಯನ್ ರ‍್ಯಾಪ್ಸೊಡಿ' ಅಂತ ಬಿರುದು ಕೊಟ್ಟು ಪ್ರಚಾರ ಶುರು ಮಾಡಿದ. ಲಿಸ್ಟ್ ಎಂಬ ಸಂಗೀತಗಾರನ ಹೆಸರಾಂತ ಪಿಯಾನೋ ಕೃತಿಗಳ ಹೆಸರು ಅದು. ಹಂಗೇರಿಯವಳು ಅಂತ ಮುಚ್ಚಿಡಲಿಲ್ಲ, ನೋಡಿ. ಅದನ್ನೇ ಮಾರಿದ. ಆದರೆ ಹಂಗೇರಿ ಅಂದರೆ ಯುದ್ಧದಲ್ಲಿ ಸೋತು ಚೂರಾದ ದೇಶ ಅಂತ ಅಲ್ಲ. ಪಿಟೀಲು, ಅರಮನೆ, ಎಲ್ಲೋ ದೂರದ ಕನಸು ಅನ್ನುವ ಹಾಗೆ.

ಮೊದಲ ಅಮೆರಿಕನ್ ಚಿತ್ರ 'ದಿ ಡಾರ್ಕ್ ಏಂಜೆಲ್', 1925. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಧಿಕಾರಿ, ಅವನು ಪ್ರೀತಿಸಿದ ಇಂಗ್ಲಿಷ್ ಹುಡುಗಿ. ಕೋಲ್ಮನ್ ಜೊತೆಗಿನ ಐದು ಚಿತ್ರಗಳಲ್ಲಿ ಇದು ಮೊದಲನೆಯದು. ಅದೇ ವರ್ಷ ಕ್ಲಾರೆನ್ಸ್ ಬ್ರೌನ್ ನಿರ್ದೇಶನದ 'ದಿ ಈಗಲ್'. ಇದರಲ್ಲಿ ನಾಯಕ ರುಡಾಲ್ಫ್ ವ್ಯಾಲೆಂಟಿನೊ, ಆಗಿನ ಕಾಲದ ಮಹಾ ಸ್ಟಾರ್. ಪುಷ್ಕಿನ್‌ನ ಕಥೆ, ರಷ್ಯಾದ ಹಿನ್ನೆಲೆ. ಈ ಚಿತ್ರ ಉಳಿದಿದೆ, ನೋಡಬಹುದು. ಅದರಲ್ಲಿ ಒಂದು ಊಟದ ದೃಶ್ಯವಿದೆ. ಉದ್ದನೆಯ ಮೇಜು, ಎರಡೂ ಕಡೆ ಜನ, ಕ್ಯಾಮೆರಾ ಮೇಜಿನ ನಟ್ಟನಡುವೆ ತೇಲಿಕೊಂಡು ಹಿಂದೆ ಹಿಂದೆ ಸರಿಯುತ್ತದೆ. ಮೇಲೆ ಸೇತುವೆಯಂಥ ಅಟ್ಟಣೆ ಕಟ್ಟಿ ಕ್ಯಾಮೆರಾ ಇಳಿಬಿಟ್ಟಿದ್ದರು. ಕ್ಯಾಮೆರಾ ದಾಟಿದ ಕೂಡಲೇ ಹುಡುಗರು ದೀಪದ ಕಂಬಗಳನ್ನು ಸರಸರ ಜಾಗಕ್ಕೆ ಇಡಬೇಕು. ನೋಡುವಾಗ ಇದು ಯಾವುದೂ ಗೊತ್ತಾಗುವುದಿಲ್ಲ. ವಿಲ್ಮಾಳ ನಟನೆಯೂ ಹಾಗೇ. ಕಣ್ಣು ಅರಳಿಸಿ, ಎದೆ ಹಿಡಿದುಕೊಂಡು ನಟಿಸುವ ಹಳೆ ಪದ್ಧತಿ ಆಕೆಯದಲ್ಲ. ಹುಬ್ಬು ಸ್ವಲ್ಪ ಎತ್ತಿದರೆ ಸಾಕು, ಹುಡುಗಿಗೆ ಕೋಪ ಬಂದಿದೆ ಅಂತ ನಮಗೆ ಗೊತ್ತಾಗುತ್ತದೆ.

1926ರ 'ದಿ ಸನ್ ಆಫ್ ದಿ ಶೇಕ್' ಇನ್ನೂ ದೊಡ್ಡದಾಗಿ ಓಡಿತು. ಮತ್ತೆ ವ್ಯಾಲೆಂಟಿನೊ, ಅಪ್ಪ ಮಗ ಎರಡೂ ಪಾತ್ರದಲ್ಲಿ. ವಿಲ್ಮಾ ಯಾಸ್ಮಿನ್ ಅನ್ನುವ ನರ್ತಕಿ. ಇಂದಿನ ಕಣ್ಣಿಗೆ ಈ ಚಿತ್ರ ಸುಲಭವಲ್ಲ. ಮೋಸ ಮಾಡಿದಳು ಅಂತ ತಪ್ಪು ತಿಳಿದ ನಾಯಕ ಅವಳನ್ನು ಹೊತ್ತೊಯ್ದು ಸೇಡು ತೀರಿಸಿಕೊಳ್ಳುವ ಭಾಗವನ್ನು ಪ್ರೇಮ ಅಂತ ಒಪ್ಪಲು ನನ್ನ ಕೈಲಂತೂ ಆಗಲಿಲ್ಲ. ಆದರೆ ಆಗ ಜನ ಮುಗಿಬಿದ್ದರು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಚಿತ್ರ ಊರೂರಿಗೆ ಹೋಗುವ ಮೊದಲೇ, ಆಗಸ್ಟ್ 23ರಂದು, ವ್ಯಾಲೆಂಟಿನೊ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ. 31 ವರ್ಷ ಅಷ್ಟೇ. ಅಳುತ್ತಾ ಚಿತ್ರಮಂದಿರಕ್ಕೆ ಬಂದವರ ಕಣ್ಣಿಗೆ ವಿಲ್ಮಾ ಅವನ ಕೊನೆಯ ನಾಯಕಿಯಾಗಿ ಉಳಿದಳು.

ಅದೇ ವರ್ಷ 'ದಿ ವಿನಿಂಗ್ ಆಫ್ ಬಾರ್ಬರಾ ವರ್ತ್'. ನನ್ನ ಪ್ರಕಾರ ಈ ಕಥೆಯ ಕೀಲಿ ಈ ಚಿತ್ರದಲ್ಲಿದೆ. ಕ್ಯಾಲಿಫೋರ್ನಿಯಾದ ಮರಳುಗಾಡಿಗೆ ಕೊಲರಾಡೊ ನದಿಯ ನೀರು ತಂದ ಕಥೆ. ಶೂಟಿಂಗ್ ಆಗಿದ್ದು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ. ಗ್ಯಾರಿ ಕೂಪರ್ ಅನ್ನುವ ಹೊಸ ಹುಡುಗ ಮೊದಲ ಬಾರಿ ಜನರ ಕಣ್ಣಿಗೆ ಬಿದ್ದದ್ದು ಇದರಲ್ಲೇ. ವಿಲ್ಮಾ ಇಲ್ಲಿ ಬಾರ್ಬರಾ. ಆ ಮರಳುಗಾಡಿನಲ್ಲೇ ಬೆಳೆದ ಅಪ್ಪಟ ಅಮೆರಿಕದ ಮಗಳು. ಅಮೆರಿಕಕ್ಕೆ ಬಂದು ಎರಡು ವರ್ಷ ತುಂಬದ, ಇಂಗ್ಲಿಷ್ ಇನ್ನೂ ಕಲಿಯುತ್ತಿದ್ದ ಹೆಣ್ಣು ಅಮೆರಿಕದ ನೆಲದ ಮಗಳಾಗಿ ನಿಂತಳು. ಯಾರೂ ಹುಬ್ಬೇರಿಸಲಿಲ್ಲ.

ಒಮ್ಮೆ ಸಾಲಾಗಿ ನೋಡಿ. ಒಂದರಲ್ಲಿ ಇಂಗ್ಲೆಂಡಿನ ಹುಡುಗಿ, ಒಂದರಲ್ಲಿ ರಷ್ಯಾದ ಜಮೀನ್ದಾರನ ಮಗಳು, ಇನ್ನೊಂದರಲ್ಲಿ ಮರುಭೂಮಿಯ ನರ್ತಕಿ, ಮತ್ತೊಂದರಲ್ಲಿ ಅಮೆರಿಕದ ಪಶ್ಚಿಮದವಳು. ಮುಖ ಒಂದೇ, ದೇಶ ಬೇಕಾದಷ್ಟು.

1927ರ ಜೂನ್ 26ರಂದು ಬೆವರ್ಲಿ ಹಿಲ್ಸ್‌ನ ಚರ್ಚ್ ಒಂದರಲ್ಲಿ ನಟ ರಾಡ್ ಲಾ ರಾಕ್ ಜೊತೆ ಮದುವೆ. ಎಲ್ಲ ಏರ್ಪಾಡು ಗೋಲ್ಡ್‌ವಿನ್‌ನದೇ. ವರನ ಜೊತೆ ನಿಂತವನು 'ದಿ ಟೆನ್ ಕಮಾಂಡ್‌ಮೆಂಟ್ಸ್' ನಿರ್ದೇಶಕ ಸೆಸಿಲ್ ಬಿ. ಡಿಮಿಲ್. ಬೀದಿ ತುಂಬ ಜನ, ಪತ್ರಿಕೆಯವರು, ಕ್ಯಾಮೆರಾಗಳು. ಊಟದ ಮೇಜಿನ ಮೇಲಿದ್ದ ಟರ್ಕಿ ಕೋಳಿಗಳು ಕಾಗದದ ರೊಟ್ಟಿನಲ್ಲಿ ಮಾಡಿದ ಸೆಟ್ ಸಾಮಾನು ಅಂತ ಒಂದು ಗಾಳಿಮಾತೂ ಹುಟ್ಟಿಕೊಂಡಿತು. ನಿಜವೋ ಸುಳ್ಳೋ, ಜನ ನಂಬಿದರು. ಹಾಲಿವುಡ್‌ನಲ್ಲಿ ಇಂಥ ಮದುವೆಗಳು ಬೇಗ ಮುರಿಯುತ್ತವೆ ಅನ್ನುವ ಮಾತಿದೆಯಲ್ಲ, ಈ ಮದುವೆ 42 ವರ್ಷ ಬಾಳಿತು. 1969ರಲ್ಲಿ ಗಂಡ ತೀರಿಕೊಳ್ಳುವವರೆಗೆ.

ಮದುವೆಯಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 1927ರ ಅಕ್ಟೋಬರ್ 6ರಂದು, ನ್ಯೂಯಾರ್ಕ್‌ನಲ್ಲಿ 'ದಿ ಜಾಝ್ ಸಿಂಗರ್' ಬಿಡುಗಡೆಯಾಯಿತು. ಅದರ ಹೆಚ್ಚಿನ ಭಾಗ ಮೂಕಿಯೇ. ಆದರೆ ಕೆಲವು ಹಾಡು ಮತ್ತು ಒಂದಷ್ಟು ಮಾತು ಪರದೆಯಿಂದ ಕೇಳಿಸಿತು. ದನಿಯನ್ನು ದೊಡ್ಡ ಗ್ರಾಮೋಫೋನ್ ತಟ್ಟೆಯಲ್ಲಿ ಮುದ್ರಿಸಿ, ಪ್ರೊಜೆಕ್ಟರ್ ಜೊತೆ ಹೊಂದಿಸಿ ಓಡಿಸುತ್ತಿದ್ದರು. ಎರಡೇ ವರ್ಷದಲ್ಲಿ ಅಮೆರಿಕದಲ್ಲಿ ಮೂಕಿ ಕೇಳುವವರೇ ಇಲ್ಲದಾಯಿತು.

ಮೊದಮೊದಲ ಟಾಕಿ ಶೂಟಿಂಗ್ ಅಂದರೆ ಒಂದು ಹಿಂಸೆ. ಕ್ಯಾಮೆರಾದ ಕಟಕಟ ಸದ್ದು ಮೈಕಿಗೆ ಬೀಳಬಾರದು ಅಂತ ಕ್ಯಾಮೆರಾವನ್ನೂ ಕ್ಯಾಮೆರಾಮನ್‌ನನ್ನೂ ಗಾಜಿನ ಕಿಟಕಿಯ ಪೆಟ್ಟಿಗೆಯೊಳಗೆ ಕೂಡಿಹಾಕುತ್ತಿದ್ದರು. 'ದಿ ಈಗಲ್'ನಲ್ಲಿ ಮೇಜಿನ ಮೇಲೆ ತೇಲಿದ ಕ್ಯಾಮೆರಾ ಈಗ ಅಲ್ಲಾಡುವ ಹಾಗಿಲ್ಲ. ಮೈಕು ಎಲ್ಲಿದೆಯೋ ಅಲ್ಲೇ ನಿಂತು ನಟರು ಮಾತಾಡಬೇಕು. ನಿರ್ದೇಶಕ ನಡುವೆ ಬಾಯಿ ಬಿಡುವಂತಿಲ್ಲ. ಮೂಕಿ ಕಾಲದಲ್ಲಿ ಶಾಟ್ ನಡೆಯುವಾಗಲೇ ಅವನು ಕೂಗಿ ಹೇಳಿಕೊಡುತ್ತಿದ್ದ.

ಈಗಿನವರಿಗೆ ಒಂದು ಪ್ರಶ್ನೆ ಬರಬಹುದು. ಬೇರೆಯವರಿಂದ ದನಿ ಕೊಡಿಸಬಹುದಿತ್ತಲ್ವಾ? ನಮ್ಮ ಸಿನಿಮಾದಲ್ಲಿ ಹೊರ ರಾಜ್ಯದ ನಾಯಕಿಗೆ ಡಬ್ಬಿಂಗ್ ಕಲಾವಿದೆ ದನಿ ಕೊಡುವುದು ಮಾಮೂಲು. ಆದರೆ 1929ರಲ್ಲಿ ಆ ತಂತ್ರ ಇನ್ನೂ ಕೈಗೆ ಬಂದಿರಲಿಲ್ಲ. ಚಿತ್ರ, ದನಿ ಎರಡೂ ಒಟ್ಟಿಗೇ ಹಿಡಿಯಬೇಕು. ಆ ವರ್ಷ ಇಂಗ್ಲೆಂಡಿನಲ್ಲಿ ಹಿಚ್‌ಕಾಕ್ 'ಬ್ಲ್ಯಾಕ್‌ಮೇಲ್' ಮಾಡುವಾಗ ಇದೇ ಪೇಚಿಗೆ ಸಿಕ್ಕಿಕೊಂಡ. ನಾಯಕಿ ಆನಿ ಓಂಡ್ರಾಳದು ಗಟ್ಟಿ ಚೆಕ್ ಉಚ್ಚಾರ. ಅವನು ಮಾಡಿದ ಉಪಾಯ ಏನು ಗೊತ್ತಾ? ಜೋನ್ ಬ್ಯಾರಿ ಅನ್ನುವ ಇಂಗ್ಲಿಷ್ ನಟಿಯನ್ನು ಕ್ಯಾಮೆರಾಗೆ ಕಾಣದ ಹಾಗೆ ಮೈಕಿನ ಮುಂದೆ ನಿಲ್ಲಿಸಿದ. ಓಂಡ್ರಾ ಸುಮ್ನೆ ತುಟಿ ಅಲ್ಲಾಡಿಸಿದಳು, ಮಾತು ಬ್ಯಾರಿ ಆಡಿದಳು, ಅದೂ ಅದೇ ಹೊತ್ತಿಗೆ. ಯಕ್ಷಗಾನದ ಭಾಗವತರಿಗೂ ವೇಷಧಾರಿಗೂ ಇರುವ ಹೊಂದಾಣಿಕೆ ಬೇಕು ಇದಕ್ಕೆ. ಪ್ರತಿ ಚಿತ್ರಕ್ಕೂ ಇದು ಆಗುವ ಕೆಲಸವಲ್ಲ.

ಗೋಲ್ಡ್‌ವಿನ್ ಬೇರೆ ಲೆಕ್ಕ ಹಾಕಿದ. ಉಚ್ಚಾರ ಮುಚ್ಚಲಾಗದಿದ್ದರೆ ಕಥೆಯನ್ನೇ ಅದಕ್ಕೆ ಹೊಂದಿಸೋಣ ಅಂತ. 1929ರ 'ದಿಸ್ ಈಸ್ ಹೆವನ್' ಅರ್ಧ ಮೂಕಿ, ಅರ್ಧ ಟಾಕಿ. ಇದರಲ್ಲಿ ವಿಲ್ಮಾ ಹಂಗೇರಿಯಿಂದ ನ್ಯೂಯಾರ್ಕ್‌ಗೆ ಬಂದಿಳಿದ ಬಡ ಹುಡುಗಿ, ಹೋಟೆಲಿನಲ್ಲಿ ಕೆಲಸ ಮಾಡುವವಳು. ಮರುವರ್ಷ ಆಕೆಯನ್ನು ಎಂಜಿಎಂ ಕಂಪನಿಗೆ ಕಳುಹಿಸಿದ. ಅಲ್ಲಿ ಸ್ವೀಡನ್ನಿನ ವಿಕ್ಟರ್ ಶೋಸ್ಟ್ರೋಮ್ ನಿರ್ದೇಶನದ 'ಎ ಲೇಡಿ ಟು ಲವ್'. ಎದುರಿಗೆ ಎಡ್ವರ್ಡ್ ಜಿ. ರಾಬಿನ್ಸನ್, ದ್ರಾಕ್ಷಿ ಬೆಳೆಯುವ ಇಟಾಲಿಯನ್ ಮುದುಕನಾಗಿ. ವಿಲ್ಮಾ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲಿನಲ್ಲಿ ಊಟ ಬಡಿಸುವವಳು. ಆ ಮುದುಕ ತನ್ನದು ಅಂತ ಬೇರೆ ಚಂದದ ಹುಡುಗನ ಫೋಟೋ ಕಳುಹಿಸಿ ಅವಳನ್ನು ಮದುವೆಗೆ ಕರೆಸಿಕೊಳ್ಳುತ್ತಾನೆ.

ಗಮನಿಸಿದಿರಾ? ದನಿ ಇಲ್ಲದಿದ್ದಾಗ ರಾಜಕುಮಾರಿ, ಜಮೀನ್ದಾರನ ಮಗಳು, ಅಮೆರಿಕದ ಮಗಳು. ದನಿ ಬಂದ ಮೇಲೆ ಎರಡು ಸಲ ಹೋಟೆಲ್ ಕೆಲಸದವಳು, ಎರಡು ಸಲವೂ ಪರಊರಿನವಳು. ಮುಖ ಬದಲಾಗಿರಲಿಲ್ಲ, ನಟನೆಯೂ ಕೆಟ್ಟಿರಲಿಲ್ಲ. ಎರಡನೆಯ ಚಿತ್ರದಲ್ಲಿ ಆಕೆ ಚೆನ್ನಾಗಿಯೇ ಮಾಡಿದ್ದಾಳೆ. ಆದರೆ ಬಾಯಿ ಬಿಟ್ಟ ಕೂಡಲೇ ಪ್ರೇಕ್ಷಕನಿಗೆ ಆಕೆಯ ಊರು ಗೊತ್ತಾಗುತ್ತಿತ್ತು. ಊರು ಗೊತ್ತಾದ ಮೇಲೆ ಅವನು ಬೇರೆ ಊರು ಊಹಿಸಿಕೊಳ್ಳುವುದು ಹೇಗೆ?

ಹಾಗಂತ ಉಚ್ಚಾರ ಎಲ್ಲರನ್ನೂ ಮುಳುಗಿಸಲಿಲ್ಲ. ಸ್ವೀಡನ್ನಿನ ಗ್ರೇಟಾ ಗಾರ್ಬೋ 1930ರಲ್ಲಿ 'ಆನಾ ಕ್ರಿಸ್ಟಿ'ಯಲ್ಲಿ ಮೊದಲು ಮಾತಾಡಿದಾಗ ಕಂಪನಿ ಅದನ್ನೇ ಜಾಹೀರಾತು ಮಾಡಿತು: ಗಾರ್ಬೋ ಮಾತಾಡುತ್ತಾಳೆ! ಅಲ್ಲಿ ಪಾತ್ರವೇ ಸ್ವೀಡಿಷ್ ಮೂಲದ ಹುಡುಗಿಯದು, ದನಿ ಗಡುಸು, ಮೊದಲಿಂದಲೂ ಗಾರ್ಬೋ ಅಂದರೆ ಜಗತ್ತಿನಿಂದ ದೂರ ನಿಂತ ಹೆಂಗಸು ಅನ್ನುವ ಭಾವನೆ. ಉಚ್ಚಾರ ಅದಕ್ಕೆ ಕೂಡಿಬಂತು. ಬೇಲಾ ಲುಗೋಸಿ ನೆನಪಿದೆಯಾ? ವಿಲ್ಮಾಳದ್ದೇ ಭಾಷೆ, ಅದೇ ಹಂಗೇರಿಯನ್ ಎಳೆತ. 1931ರಲ್ಲಿ 'ಡ್ರಾಕುಲಾ' ಆದ. ಆ ಎಳೆತ ಇಲ್ಲದೆ ಡ್ರಾಕುಲಾನನ್ನು ನೆನೆಸಿಕೊಳ್ಳಲೂ ಆಗುವುದಿಲ್ಲ ಅನ್ನುವಷ್ಟು ಅಂಟಿಕೊಂಡಿತು. ಪರದೇಶಿ ಪಿಶಾಚಿಗೆ ಪರದೇಶಿ ಉಚ್ಚಾರ ಒಪ್ಪುತ್ತದೆ. ಎಲ್ಲ ದೇಶಕ್ಕೂ ಸೇರಿದ ರಾಜಕುಮಾರಿಗೆ ಒಪ್ಪಲಿಲ್ಲ. ಇತ್ತ ಕೋಲ್ಮನ್‌ಗೆ ಮಾತ್ರ ಅದೃಷ್ಟ ಖುಲಾಯಿಸಿತು. ಅವನ ನಯವಾದ ಇಂಗ್ಲಿಷ್ ದನಿ ಕೇಳಿ ಜನ ಮೊದಲಿಗಿಂತ ಜಾಸ್ತಿ ಮೆಚ್ಚಿದರು.

ಟಾಕಿಯ ಇನ್ನೊಂದು ತಲೆನೋವು ಹೊರದೇಶದ ಮಾರುಕಟ್ಟೆ. ಫಲಕ ಬದಲಿಸಿದರೆ ಮುಗಿಯುವ ಕಾಲ ಹೋಯಿತು. ಅದಕ್ಕೆ ಕೆಲವು ವರ್ಷ ಒಂದು ವಿಚಿತ್ರ ಪದ್ಧತಿ ನಡೆಯಿತು. ಒಂದೇ ಕಥೆಯನ್ನು ಎರಡು ಮೂರು ಭಾಷೆಗಳಲ್ಲಿ ಬೇರೆ ಬೇರೆಯಾಗಿ ಶೂಟ್ ಮಾಡುವುದು. 'ಎ ಲೇಡಿ ಟು ಲವ್' ಚಿತ್ರವನ್ನೂ ಹೀಗೆ ಜರ್ಮನ್‌ನಲ್ಲಿ ಮತ್ತೊಮ್ಮೆ ತೆಗೆದರು, ಅದರಲ್ಲೂ ವಿಲ್ಮಾಳೇ ನಾಯಕಿ. ಗಂಡನ ಜೊತೆ ಒಂದು ನಾಟಕ ಹಿಡಿದುಕೊಂಡು ಊರೂರು ತಿರುಗಿದಳು. ಆಮೇಲೆ ಯುರೋಪಿಗೆ ಹೋಗಿ ಲುಯಿಸ್ ಟ್ರೆಂಕರ್ ಎಂಬ ಪರ್ವತದ ಕಥೆಗಳ ನಿರ್ದೇಶಕನ 'ದಿ ರೆಬೆಲ್' ಮಾಡಿದಳು. ನೆಪೋಲಿಯನ್ ವಿರುದ್ಧ ತಿರೋಲ್ ಪ್ರಾಂತ್ಯದ ಜನ ತಿರುಗಿಬಿದ್ದ ಕಥೆ. ಅದಕ್ಕೂ ಜರ್ಮನ್, ಇಂಗ್ಲಿಷ್ ಎರಡು ರೂಪ. ಜರ್ಮನ್‌ನಲ್ಲಿ ನಾಯಕಿ ಲುಯಿಸೆ ಉಲ್ರಿಖ್. ಇಂಗ್ಲಿಷ್‌ನಲ್ಲಿ ವಿಲ್ಮಾ. ಇಂಗ್ಲಿಷ್ ಬಾರದವಳು ಅಂತ ಹೆಸರಾದವಳ ಕೊನೆಯ ಚಿತ್ರ ಇಂಗ್ಲಿಷ್ ರೂಪದ್ದು! 1933ಕ್ಕೆ ಆಕೆಯ ಸಿನಿಮಾ ಬದುಕು ಮುಗಿಯಿತು.

ಈಗ ಕೊರ್ದಾ ವಿಷಯ. ಅವನ ಹೆಂಡತಿ ಮರಿಯಾ ಕೂಡ ಹಾಲಿವುಡ್‌ಗೆ ಹೋಗಿದ್ದಳು, ಟಾಕಿ ಬಂದ ಮೇಲೆ ಆಕೆಯ ಕಥೆಯೂ ಮುಗಿಯಿತು. ಇಬ್ಬರೂ ಬೇರೆಯಾದರು. ಕೊರ್ದಾ ಲಂಡನ್‌ಗೆ ಹೋಗಿ ಅಲೆಕ್ಸಾಂಡರ್ ಕೊರ್ಡಾ ಆದ. ಅಲ್ಲಿ ಒಬ್ಬ ಹೊಸ ನಟಿಯನ್ನು ಮೇಲೆ ತಂದ, ಮುಂದೆ ಮದುವೆಯೂ ಆದ. ಆಕೆ ಮರ್ಲ್ ಓಬೆರಾನ್. ಗೋಲ್ಡ್‌ವಿನ್ 1935ರಲ್ಲಿ 'ದಿ ಡಾರ್ಕ್ ಏಂಜೆಲ್' ಅನ್ನು ಟಾಕಿಯಾಗಿ ಮತ್ತೆ ತೆಗೆದಾಗ ವಿಲ್ಮಾಳ ಪಾತ್ರ ಸಿಕ್ಕಿದ್ದು ಇವಳಿಗೇ. ಆಸ್ಕರ್‌ಗೆ ಹೆಸರೂ ಹೋಯಿತು. ತಾನು ಟ್ಯಾಸ್ಮೇನಿಯಾದಲ್ಲಿ ಹುಟ್ಟಿದವಳು ಅಂತ ಓಬೆರಾನ್ ಜೀವನಪೂರ್ತಿ ಹೇಳಿಕೊಂಡಳು. ಹುಟ್ಟಿದ್ದು ಬಾಂಬೆಯಲ್ಲಿ, ಬೆಳೆದದ್ದು ಕಲ್ಕತ್ತದಲ್ಲಿ. ಹಂಗೇರಿಯವಳ ದನಿ ಆಕೆಯ ಊರು ಹೇಳಿಬಿಟ್ಟಿತು. ಅದೇ ಪಾತ್ರಕ್ಕೆ ಬಂದ ಭಾರತದವಳು ತನ್ನ ದನಿಯಲ್ಲಿ ಊರಿನ ಸುಳಿವೇ ಇಲ್ಲದಂತೆ ನೋಡಿಕೊಂಡಳು.

ವಿಲ್ಮಾ ಈ ಬಗ್ಗೆ ಕೊರಗುತ್ತಾ ಕೂತಳು ಅಂತ ಅಂದುಕೊಳ್ಳಬೇಡಿ. ಗಂಡ ಹೆಂಡತಿ ಇಬ್ಬರೂ ಮನೆ, ಜಮೀನು ವ್ಯವಹಾರಕ್ಕೆ ಇಳಿದು ಚೆನ್ನಾಗಿಯೇ ಬದುಕಿದರು. ಆಕೆಗೆ ಗಾಲ್ಫ್ ಹುಚ್ಚು ಹಿಡಿಯಿತು. ಮಕ್ಕಳಿರಲಿಲ್ಲ. ಮಕ್ಕಳ ಓದಿಗೆ ಅಂತ ಇಬ್ಬರ ಹೆಸರಿನಲ್ಲಿ ಒಂದು ಫೌಂಡೇಶನ್ ಇದೆ. ಗಂಡ ಹೋದ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಬದುಕಿದಳು. ಕೊನೆಯ ವರ್ಷಗಳಲ್ಲಿ ನೋಡಲು ಯಾರೂ ಬರಲಿಲ್ಲ ಅನ್ನುವ ಬೇಸರ ಇತ್ತು. 1991ರ ಮಾರ್ಚ್ 18ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡಳು. ಸುದ್ದಿ ಕೊಡಬೇಡಿ ಅಂತ ವಕೀಲರಿಗೆ ಹೇಳಿಟ್ಟಿದ್ದಳು. ಪತ್ರಿಕೆಗಳಿಗೆ ಗೊತ್ತಾಗಿದ್ದು 1992ರ ಕೊನೆಗೆ.

ಆಕೆಯ ಚಿತ್ರಗಳಲ್ಲಿ ಪೂರ್ತಿಯಾಗಿ ಉಳಿದಿರುವುದು ಕೆಲವೇ. ಆಗಿನ ಫಿಲ್ಮ್ ನೈಟ್ರೇಟ್‌ನದು. ಬೆಂಕಿ ತಾಗಿದರೆ ಭಗ್ಗನೆ ಉರಿಯುತ್ತದೆ, ಇಟ್ಟಲ್ಲೇ ಕೊಳೆತು ಪುಡಿಯಾಗುತ್ತದೆ. ಟಾಕಿ ಬಂದ ಮೇಲೆ ಮೂಕಿ ಚಿತ್ರಗಳಿಗೆ ಬೆಲೆ ಇಲ್ಲ ಅಂತ ಕಂಪನಿಗಳೇ ಎಷ್ಟೋ ರೀಲುಗಳನ್ನು ಕರಗಿಸಿ ಬೆಳ್ಳಿ ತೆಗೆದುಕೊಂಡವು. 'ದಿ ಮ್ಯಾಜಿಕ್ ಫ್ಲೇಮ್'ನ ಮೊದಲ ಐದು ರೀಲು ಇದೆ, ಉಳಿದದ್ದಿಲ್ಲ. ಕೋಲ್ಮನ್ ಇಂಗ್ಲಿಷಿನಲ್ಲಿ ಕೇಳಿ, ಆಕೆ ಹಂಗೇರಿಯನ್‌ನಲ್ಲಿ ಉತ್ತರ ಕೊಟ್ಟ ಆ ಮೊದಲ ಚಿತ್ರ, ಹತ್ತು ವರ್ಷದ ನಂತರ ಓಬೆರಾನ್ ಮತ್ತೆ ಮಾಡಿದ ಆ 'ದಿ ಡಾರ್ಕ್ ಏಂಜೆಲ್', ಅದರ ಒಂದು ಪ್ರತಿಯೂ ಸಿಕ್ಕಿಲ್ಲ. ಸಿಕ್ಕಿದ್ದರೆ ಹಂಗೇರಿಯನ್ ಬಲ್ಲವರು ಯಾರಾದರೂ ತುಟಿ ನೋಡಿ ಹೇಳುತ್ತಿದ್ದರು, ಆಕೆ ನಿಜಕ್ಕೂ ಏನಂದಳು ಅಂತ.